ಅಪ್ಪನ ಗಾಮಾ ಮಿಂಚು

ಅಪ್ಪ ಬಂಟ್ವಾಳದಲ್ಲಿ ವಿಜ್ಞಾನದ ಮಾಸ್ಟ್ರಾಗಿದ್ದವರು. ಎಪ್ಪತ್ತರ ದಶಕದಲ್ಲಿ ಪೇಪರಿನ ಮೂಲೆಯಲ್ಲಿ ಓದಿದ ಸುದ್ದಿಯೊಂದು ಅವರ ತಲೆಗೆ ಹೊಕ್ಕಿತ್ತು. ಯಾರಾದರೂ ಕದ್ದುಮುಚ್ಚಿ ಅಣುಬಾಂಬು ಸಿಡಿಸುತ್ತಾರೋ ಎಂದು ಕಾಯಲು ಹಾರಿಸಿದ ಉಪಗ್ರಹಗಳಿಗೆ ಆಕಾಶದ ಆಳದಿಂದ ಗಾಮಾ ಕಿರಣಗಳ ಮಿಂಚು ಸಿಕ್ಕಿತ್ತಂತೆ. ಕೆಲವು ಕ್ಷಣ, ಆಮೇಲೆ ಇಲ್ಲ. ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿಲ್ಲ. "ನಕ್ಷತ್ರ ಸಾಯುವಾಗ ಹಾಕುವ ಬೊಬ್ಬೆ ಇರಬೇಕು" ಎಂಬುದು ಅಪ್ಪನ ತರ್ಕ. ಊಟಕ್ಕೆ ಕೂತರೂ ಅದೇ ಮಾತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. "ನಿಮ್ಮ ಗಾಮಾ ಸಾರಿಗೆ ಬೀಳ್ತದೆ, ಮೊದಲು ಊಟ ಮಾಡಿ" ಎನ್ನುತ್ತಿದ್ದೆ.

ಎಂಬತ್ತೇಳರಲ್ಲಿ ದಕ್ಷಿಣದ ಆಕಾಶದಲ್ಲಿ ನಿಜವಾಗಿಯೂ ಒಂದು ನಕ್ಷತ್ರ ಸಿಡಿಯಿತು. ಸೂಪರ್‌ನೋವಾ. ಬರಿಗಣ್ಣಿಗೇ ಕಾಣುತ್ತದಂತೆ, ನಮ್ಮ ಕಡೆ ಮಾತ್ರ ದಿಗಂತಕ್ಕೆ ತಾಗಿದ ಹಾಗೆ. ಅಷ್ಟರಲ್ಲಿ ಅಪ್ಪನ ಕಣ್ಣು ಮಂಜಾಗಿತ್ತು. ಮಳೆಗಾಲದ ಹೊತ್ತಿಗೆ ಪೂರ್ತಿ ಹೋಗುತ್ತದೆಂದು ಡಾಕ್ಟರು ಹೇಳಿಬಿಟ್ಟಿದ್ದರು. "ಸಾಯುವ ನಕ್ಷತ್ರ ಒಂದನ್ನಾದರೂ ಕಣ್ಣಾರೆ ನೋಡ್ತೇನೆ. ವಾಮದಪದವಿನ ಬಯಲಿಗೆ ಹೋಗುವ, ಅಲ್ಲಿ ದಕ್ಷಿಣಕ್ಕೆ ಅಡ್ಡ ಏನೂ ಇಲ್ಲ" ಎಂದರು.

ನಾವು ಜೈನರು, ಸೂರ್ಯ ಮುಳುಗಿದ ಮೇಲೆ ತಿನ್ನುವ ಹಾಗಿಲ್ಲ. ಬಸ್ಸಿಳಿದು ಕಲ್ಲಿನ ಮೇಲೆ ಕೂತು ಗಡಿಬಿಡಿಯಲ್ಲಿ ಅವಲಕ್ಕಿ ಮುಗಿಸಿದೆವು. ತಲೆಯೆತ್ತಿದರೆ ದಕ್ಷಿಣದ ತುಂಬ ಹೊಗೆ! ಸುಡುಮಣ್ಣು. ತರಗೆಲೆಯ ಮೇಲೆ ಮಣ್ಣು ಮುಚ್ಚಿ ಗೊಬ್ಬರಕ್ಕೆಂದು ಸುಡುವುದು, ಬೇಸಗೆಯಲ್ಲಿ ಎಲ್ಲರೂ ಮಾಡುವ ಕೆಲಸ. ಅದೇ ವಾರ ನಮ್ಮ ತೋಟದ ರಾಶಿಗೆ ಬೆಂಕಿಯಿಟ್ಟವಳು ನಾನೇ. ಆದರೂ ಇಲ್ಲಿಯೂ ಹೊಗೆ ಇದ್ದೀತೆಂದು ಹೊಳೆದಿರಲಿಲ್ಲ.

ರಾಶಿ ಕಾಯುತ್ತಿದ್ದ ಹೆಂಗಸಿನ ಮೇಲೆ ಹರಿಹಾಯ್ದೆ. "ಈಗಲೇ ನಂದಿಸಿ ಇದನ್ನು!"

"ನಂದಿಸುವುದಾ? ಎಂಥ ಮಾರಾಯ್ರೆ! ಮೂರು ದಿನ ಬೇಯ್ಬೇಕು ಇದು. ಇದು ಮುಗಿದರೆ ಆಚೆಮನೆಯವರದ್ದು ಉಂಟು" ಎಂದು ನಕ್ಕಳು.

ಕತ್ತಲಿಳಿಯಿತು. ಹೊಗೆ ಬಯಲ ಮೇಲೆ ಹಾಲಿನ ಕೆನೆಯಂತೆ ನಿಂತಿತು. ಸುಟ್ಟ ಮಣ್ಣಿನ ವಾಸನೆ ಹಿತವಾಗಿತ್ತು. ನೆಲ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು, ತಿಳಿಯುತ್ತಿರಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ. ಅಪ್ಪ ತಟ್ಟನೆ ಕೈ ಎತ್ತಿದರು. ಹೊಗೆಯ ಮೇಲೆ ಒಂದೇ ಒಂದು ಚುಕ್ಕಿ ಹೊಳೆಯುತ್ತಿತ್ತು.

"ಅದೇ ಅಲ್ವಾ ಮಗಾ?"

ಅದು ಅಗಸ್ತ್ಯ, ವರ್ಷವರ್ಷವೂ ಕಾಣುವ ಹಳೆಯ ನಕ್ಷತ್ರ. ಅಲ್ಲವೆನ್ನಲು ಮನಸ್ಸು ಬರಲಿಲ್ಲ.

"ಹೌದಪ್ಪ, ಅದೇ" ಎಂದೆ.

ಅಪ್ಪ ಕೈ ಇಳಿಸಿದರು. "ಅಗಸ್ತ್ಯನನ್ನು ನಿನಗೆ ತೋರಿಸಿಕೊಟ್ಟದ್ದೇ ನಾನು" ಎಂದರು ಮೆಲ್ಲಗೆ. "ಇನ್ನು ಪೇಪರ್ ಓದಿ ಹೇಳುವವಳು ನೀನು. ಆ ಗಾಮಾ ಎಲ್ಲಿಂದ ಅಂತ ಒಂದು ದಿನ ಗೊತ್ತಾದರೆ, ಹೀಗೇ ಓದ್ತೀಯಾ? ಅಪ್ಪ ಹೇಳಿದ್ದೇ ಸರಿ ಅಂತ?"

ನಾಚಿಕೆಯಿಂದ ಸತ್ತೇಹೋದೆ. "ಬರೀ ಹೊಗೆ ಅಪ್ಪ. ನಿಮ್ಮ ನಕ್ಷತ್ರ ಕಾಣುವುದಿಲ್ಲ" ಎಂದೆ, ಅಳುತ್ತಾ.

"ಹಾಂ" ಎಂದು ಅಪ್ಪ ನನ್ನ ಭುಜ ಹಿಡಿದು ಎದ್ದರು. "ಈಗ ಸರಿಯಾಗಿ ಓದಿದೆ."