ಅತ್ತೆಯ ಅನುಮಾನ

ಅತ್ತೆಯ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದು. ಎದುರಿಗಿರುವವರ ಮುಖದ ಮೇಲೆ ಅದನ್ನು ಇನ್ನಷ್ಟು ಕಿರಿದು ಮಾಡಿ ನೆಟ್ಟಳೆಂದರೆ ನಿಜ ಹೇಳುತ್ತಿದ್ದವರೂ ತಡವರಿಸುತ್ತಿದ್ದರು. ಅಂಗಡಿಯಲ್ಲಿ ತೊಗರಿಬೇಳೆ ಕೊಳ್ಳುವ ಮುಂಚೆ ನಾಲ್ಕು ಕಾಳು ಕಡಿದು ನೋಡುವಳು. ಡೈರಿಯಲ್ಲಿ ಹಾಲು ಅಳೆದು ಮುಗಿಯುವವರೆಗೂ ಪಕ್ಕದಿಂದ ಕದಲುತ್ತಿರಲಿಲ್ಲ. ಘಾಟಿ ಸುಬ್ರಹ್ಮಣ್ಯಕ್ಕೆ ಬರಿಗಾಲಲ್ಲಿ ಹೋಗುವಳು. ಭಕ್ತಿಗಲ್ಲ, ಚಪ್ಪಲಿ ಕಳ್ಳರ ಭಯಕ್ಕೆ.

ಅವಳು ನಮ್ಮಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ರಾಜಘಟ್ಟದ ಆಚೆಯ ಹಳ್ಳಿಯಲ್ಲಿ ಎರಡು ಹಸು ಸಾಕಿಕೊಂಡು ಒಬ್ಬಳೇ ಇದ್ದಳು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಮ್ಮನ ಜೊತೆ ಜಗಳವಾಡಿದ ಅಪ್ಪ, ಬಟ್ಟೆಬರೆ ಕಟ್ಟಿಕೊಂಡು ಅತ್ತೆಯ ಮನೆ ಸೇರಿದ. ಅದಕ್ಕೆ ಸ್ವಲ್ಪ ಮುಂಚೆ ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ರೆಸ್ ಮಷೀನು ಅವನ ಬಲಗೈಯ ನಾಲ್ಕು ಬೆರಳುಗಳನ್ನು ತೆಗೆದುಕೊಂಡಿತ್ತು. ಅದಕ್ಕಾಗಿ ತಿಂಗಳು ತಿಂಗಳು ಪಿಂಚಣಿ ಬರುತ್ತಿತ್ತು. ಅಮ್ಮ ದೊಡ್ಡಬಳ್ಳಾಪುರದ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಿದ್ದಳು. ನನ್ನ ಹೆಸರಿಗೆ ಜೀವನಾಂಶ ಕೊಡಬೇಕೆಂದು ಕೋರ್ಟು ಆದೇಶ ಮಾಡಿತು. ಅಪ್ಪ ಎರಡು ತಿಂಗಳು ಕಟ್ಟಿ ನಿಲ್ಲಿಸಿದ.

ವಸೂಲಿಗೆ ಮತ್ತೆ ಕೋರ್ಟು ಹತ್ತಿದೆವು. ಪ್ರತಿ ಸಲವೂ ಅಪ್ಪ ಆ ಮೊಂಡುಗೈಯನ್ನು ಕಟಕಟೆಯ ಮೇಲಿಟ್ಟು, "ಈ ಕೈಲಿ ಏನ್ ದುಡೀಲಿ ಸ್ವಾಮಿ?" ಎನ್ನುತ್ತಿದ್ದ. ಕೈ ಹೋದದ್ದಕ್ಕೆ ಬರುವ ಪಿಂಚಣಿಯನ್ನು ಜಪ್ತಿ ಮಾಡುವಂತಿಲ್ಲ, ಅದು ಬಿಟ್ಟರೆ ಅವನಿಗೆ ಬೇರೆ ಆದಾಯವೇ ಇಲ್ಲ ಎಂದು ಅವನ ವಕೀಲರು ವಾದಿಸುತ್ತಿದ್ದರು. ಕೂತವರೆಲ್ಲ ಲೊಚಗುಟ್ಟುತ್ತಿದ್ದರು. ನನಗೂ ಹೋಗಿ ಆ ಕೈ ಸವರಬೇಕೆನಿಸುತ್ತಿತ್ತು.

ಅವನ ಹಿಂದಿನ ಬೆಂಚಿನಲ್ಲಿ ಅತ್ತೆ ತುಟಿ ಬಿಗಿದು ಕೂತಿರುತ್ತಿದ್ದಳು. ಅಮ್ಮನ ಕೋಪವೆಲ್ಲ ಅವಳ ಮೇಲೆ. ಪಿಂಚಣಿ ನುಂಗುವವಳೂ ಅವಳೇ, ತಮ್ಮನಿಗೆ ಪಾಠ ಹೇಳಿಕೊಡುವವಳೂ ಅವಳೇ ಎಂದು ಅಮ್ಮ ದಾರಿಯುದ್ದಕ್ಕೂ ಹೇಳುವಳು. ನಾನೂ ಹಾಗೇ ನಂಬಿದ್ದೆ.

ಒಂದು ದಿನ ಅತ್ತೆ ನನ್ನ ಶಾಲೆಗೇ ಬಂದುಬಿಟ್ಟಳು. ಈ ಹುಡುಗಿ ದಿನಾ ಬರುತ್ತಾಳೋ, ಹೆಸರಿಗೆ ಸೇರಿಸಿದ್ದಾರೋ ಎಂದು ಮೇಷ್ಟ್ರನ್ನು ಕೇಳಿದಳು. ನನ್ನ ಊಟದ ಡಬ್ಬಿ ತೆರೆಸಿ ನೋಡಿದಳು. ಅದರಲ್ಲಿ ಬರೀ ಅನ್ನ, ಉಪ್ಪಿನಕಾಯಿ. ಕಿರಿದಾಗಿದ್ದ ನನ್ನ ಶೂಗಳನ್ನು ಬೆರಳಿನಿಂದ ಒತ್ತಿ ನೋಡಿದಳು. ಗೆಳತಿಯರೆಲ್ಲ ನೋಡುತ್ತಿದ್ದರು. ನಾನು ಅಳುತ್ತ ಮನೆಗೆ ಬಂದೆ. ನಮ್ಮ ಮೇಲೆ ಏನಾದರೂ ಹುಡುಕಿ ಕೋರ್ಟಿಗೆ ಹೇಳಲು ಬಂದಿದ್ದಾಳೆ ಎಂದು ಅಮ್ಮ ಹಲ್ಲು ಕಡಿದಳು.

ಮುಂದಿನ ವಾಯಿದೆಯ ದಿನ ಅತ್ತೆ ನಮ್ಮ ವಕೀಲರ ಬಳಿ ಬಂದು, ತಾನು ಸಾಕ್ಷಿ ಹೇಳಬೇಕು ಎಂದಳು. ಅಮ್ಮ ವಕೀಲರ ಕೋಟು ಹಿಡಿದು ಎಳೆದಳು. "ಬೇಡಿ ಸಾರ್, ಇದೂ ಅವರದೇ ಆಟ." ವಕೀಲರಿಗೂ ಧೈರ್ಯವಿರಲಿಲ್ಲ. ಆದರೆ ಕೈಯಲ್ಲಿ ಬೇರೆ ಸಾಕ್ಷಿಯೇ ಇಲ್ಲದ್ದರಿಂದ ನ್ಯಾಯಾಧೀಶರ ಅನುಮತಿ ಕೇಳಿದರು.

ಅತ್ತೆ ಕಟಕಟೆ ಹತ್ತಿ ಸೆರಗು ಹೊದ್ದುಕೊಂಡಳು.

"ನಂಗೆ ಎರಡು ಕಡೇನೂ ಅನುಮಾನ ಇತ್ತು ಸ್ವಾಮಿ. ಮೊದ್ಲು ಮಗೀನ ನೋಡ್ಕಂಡ್ ಬಂದೆ. ಅಲ್ಲಿ ಮೋಸ ಇಲ್ಲ. ಆಮೇಲೆ, ಕೆಲ್ಸ ಇಲ್ದೋನು ದಿನಾ ಬೂಟಿಗೆ ಪಾಲಿಶ್ ಯಾಕ್ ಹಾಕ್ತಾನೆ ಅಂತ ಇವನ ಹಿಂದೇನೇ ಬಸ್ಸು ಹತ್ತಿದೆ."

ಅಪ್ಪ ದೇವನಹಳ್ಳಿ ಕಡೆ ಸೈಟು ಮಾರಿಸುವ ಆಫೀಸಿನಲ್ಲಿ ಕೂರುತ್ತಿದ್ದ. ಗಿರಾಕಿಗಳ ಕಾರು ಹತ್ತಿ ಬಡಾವಣೆ ಬಡಾವಣೆ ಸುತ್ತಿಸಿ ಕಮಿಷನ್ ಪಡೆಯುತ್ತಿದ್ದ. ಯಾವ ಆಫೀಸು, ಯಾರ ಜೊತೆ ಎಂಬುದನ್ನೆಲ್ಲ ಅತ್ತೆ ಹೇಳಿದಳು. ಅಪ್ಪನ ವಕೀಲರು ಎದ್ದು, ಹಾಗಾದರೆ ನಿಮ್ಮ ತಮ್ಮನ ಕೈ ಹೋಗಿರುವುದೂ ಸುಳ್ಳೇ ಎಂದು ಕೇಳಿದರು.

"ಅದ್ಯಾಕ್ ಸುಳ್ಳಾಗುತ್ತೆ? ದಿನಾ ಅವನ ಅಂಗಿ ಗುಂಡಿ ಹಾಕೋಳೇ ನಾನು. ಆದ್ರೆ ಸೈಟ್ ಮಾರೋಕೆ ಬೆರಳು ಬೇಕಾಗಿಲ್ಲ ಸ್ವಾಮಿ, ಬಾಯಿ ಸಾಕು."

ಯಾರೋ ನಕ್ಕರು. ಅತ್ತೆ ನಗಲಿಲ್ಲ.

ಆಫೀಸಿನವರನ್ನು ಕರೆಸಿ ಕೇಳಿದ ಮೇಲೆ, ಪಿಂಚಣಿಯನ್ನು ಮುಟ್ಟುವುದಿಲ್ಲ, ದುಡಿಮೆಯಿಂದ ಬಾಕಿಯನ್ನು ಕಂತಿನಲ್ಲಿ ಕಟ್ಟಬೇಕು, ತಪ್ಪಿದರೆ ಜೈಲು ಎಂದು ನ್ಯಾಯಾಧೀಶರು ಹೇಳಿದರು. ಅಪ್ಪ ಕಟ್ಟತೊಡಗಿದ. ಅಷ್ಟರಲ್ಲಾಗಲೇ ಅಕ್ಕನ ಮನೆ ಬಿಟ್ಟು ದೇವನಹಳ್ಳಿಯಲ್ಲಿ ರೂಮು ಮಾಡಿದ್ದ. ಮತ್ತೆ ಅವಳ ಹೊಸಿಲು ತುಳಿಯಲಿಲ್ಲ. ಗುಂಡಿ ಯಾರು ಹಾಕುತ್ತಾರೋ ಏನೋ ಎಂದು ಅತ್ತೆ ಒಮ್ಮೆ ನನ್ನ ಮುಂದೆ ಅಂದಿದ್ದುಂಟು.

ಅಮ್ಮನಿಗೆ ಆಗಲೂ ನಂಬಿಕೆ ಬರಲಿಲ್ಲ. ಇದಕ್ಕೆ ಬದಲಾಗಿ ನಾಳೆ ಏನು ಕೇಳುತ್ತಾಳೋ ಎಂದು ವರ್ಷಗಟ್ಟಲೆ ಕಾದಳು. ಅತ್ತೆ ಕೇಳಿದ್ದು ಒಂದನ್ನೇ. ಪ್ರತಿ ಜೂನ್ ತಿಂಗಳಲ್ಲಿ ಬಂದು, ಬಾಗಿಲಲ್ಲೇ ನಿಂತು, ಶಾಲೆಯ ಫೀಜಿನ ರಸೀದಿ ತೋರಿಸು ಎನ್ನುವಳು. ಅವಳಿಗೆ ಓದಲು ಬರುತ್ತಿರಲಿಲ್ಲ. ರಸೀದಿಯನ್ನು ಬೆಳಕಿಗೆ ಹಿಡಿದು ಸೀಲು ನೋಡುವಳು. "ದುಡ್ಡು ಬರೋ ಹಂಗ್ ಮಾಡಿದ್ದು ನಾನು. ಎಲ್ಲಿಗ್ ಹೋಯ್ತು ಅಂತ ನೋಡ್ಬೇಡ್ವಾ?" ಎಷ್ಟನೆಯ ವರ್ಷವೋ, ಅಮ್ಮ ಅವಳಿಗೆ ಒಳಗೆ ಬರಲು ಹೇಳಿ ಕಾಫಿ ಕೊಟ್ಟಳು. ಅತ್ತೆ ಮೊದಲು ಮೂಸಿ ನೋಡಿ, ಆಮೇಲೆ ಕುಡಿದಳು. ಅಮ್ಮ ನಕ್ಕದ್ದನ್ನು ಅವತ್ತು ಎಷ್ಟೋ ದಿನಕ್ಕೆ ಕಂಡೆ.

ಆ ಹಣದಲ್ಲೇ ನಾನು ಓದಿ ನರ್ಸ್ ಆದೆ. ಹೋದ ವರ್ಷ ಅತ್ತೆಯನ್ನು ನಾನಿರುವ ಆಸ್ಪತ್ರೆಗೇ ಸೇರಿಸಿದೆವು. ಮಾತ್ರೆ ಕೊಟ್ಟರೆ ಇದು ಯಾವುದಕ್ಕೆ, ನಿನ್ನೆ ಬಿಳಿ ಇತ್ತು, ಇವತ್ತು ಯಾಕೆ ಹಳದಿ ಎಂದು ಎಲ್ಲರನ್ನೂ ಗೋಳು ಹೊಯ್ದುಕೊಂಡಳು. ನಾನು ಅಪ್ಪನಿಗೆ ಫೋನು ಮಾಡಿದೆ. ಬರ್ತೀನಿ ಎಂದ. ಬರಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ.

ಕೊನೆಯ ಮಧ್ಯಾಹ್ನ ಅತ್ತೆ ನನ್ನ ಕೈ ಹಿಡಿದುಕೊಂಡಳು.

"ನಿಮ್ಮಪ್ಪ ಬಂದಿದ್ನಾ ಮಗ?"

"ಬಂದಿದ್ರು ಅತ್ತೆ. ನೀನು ಮಲ್ಗಿದ್ದೆ. ಎಬ್ಬಿಸ್ಬೇಡ ಅಂತ ಹೇಳಿ, ಇಲ್ಲೇ ಕೂತಿದ್ದು ಹೋದ್ರು."

ಯಾವಾಗ, ಎಷ್ಟು ಹೊತ್ತು, ಯಾವ ಅಂಗಿ ಹಾಕಿದ್ದ, ನೋಡಿದವರು ಯಾರು ಎಂದು ಕೇಳುತ್ತಾಳೆಂದು ಕಾದೆ. ಉತ್ತರಗಳನ್ನೂ ಹೊಂದಿಸಿಕೊಳ್ಳುತ್ತಿದ್ದೆ. ಅತ್ತೆ ನನ್ನನ್ನು ತುಂಬ ಹೊತ್ತು ನೋಡಿದಳು.

"ಹೌದಾ," ಎಂದಳು. "ಒಳ್ಳೇದಾಯ್ತು ಬಿಡು."

ಸಂಜೆಗೆ ಹೋಗಿಬಿಟ್ಟಳು. ಅವಳು ನನ್ನ ಮಾತನ್ನು ನಂಬಿದಳೋ, ಅಥವಾ ನಾನು ಇನ್ನೊಂದು ಸುಳ್ಳು ಹೇಳುವ ಹಾಗಾಗದಿರಲಿ ಎಂದು ಸುಮ್ಮನಾದಳೋ, ಇವತ್ತಿಗೂ ನನಗೆ ಅನುಮಾನ.