ಹಿನ್ನೀರು ಕಾಣುವ ಮನೆಯ ಒಡತಿ

ಹೊಸಪೇಟೆಯಲ್ಲಿ ಡ್ಯಾಮಿನ ಹಿನ್ನೀರು ಕಾಣುವ ಅಪಾರ್ಟ್‌ಮೆಂಟುಗಳಲ್ಲಿ ಬಾಡಿಗೆಗೆ ಮನೆ ಕೇಳಿದಾಗಲೆಲ್ಲ ನನಗೆ ಎದುರಾಗುತ್ತಿದ್ದುದು ಒಂದೇ ಪ್ರಶ್ನೆ: "ನೀವು ಯಾವ ಪೈಕಿ?" ನಾವು ಬೌದ್ಧರು, ಊರಾಚೆಯ ಕೇರಿಯವರು ಎಂದೊಡನೆ ಖಾಲಿ ಬಿದ್ದ ಮನೆಗೂ ಬೇರೆ ಯಾರೋ ಬರುವವರಿರುತ್ತಿದ್ದರು.

ಈ ಮನೆಯ ಒಡತಿಯೊಬ್ಬರು ಅದನ್ನು ಕೇಳಲಿಲ್ಲ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ, ಹಣೆ ತುಂಬ ವಿಭೂತಿ ಧರಿಸುತ್ತಿದ್ದ ಹಿರಿಯ ಹೆಂಗಸು. ಯಾರೇ ಬಂದರೂ ಕುರ್ಚಿ ತೋರಿಸಿ, "ಮೊದ್ಲು ಕುಂದ್ರಿ" ಎನ್ನುತ್ತಿದ್ದರು. ಕೂತ ಮೇಲೆ ಜಾತಿಯನ್ನು ನಾನೇ ಹೇಳಿದೆ.

"ನಾ ಕೇಳಿದ್ನೇನ್ರಿ? ಬಾಲ್ಕನಿಗೆ ಗಾಳಿ ಭಾಳ, ಕದ ಹುಷಾರು," ಎಂದು ಬೀಗದ ಕೈ ಕೊಟ್ಟರು.

ನಾವು ಹಾಲುಕ್ಕಿಸಿದ ದಿನ ಅವರೂ ಬಂದಿದ್ದರು. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಹೊಸ್ತಿಲಾಚೆಯೇ ನಿಂತು, "ಅಮ್ಮಾರ, ಇಂಥೋರಿಗೆ ಮನಿ ಕೊಟ್ರ ಉಳಿದೋರು ಏನಂತಾರ? ನಮ್ಮನ್ನ ಒಂದು ಮಾತು ಕೇಳಬೇಕಿತ್ತು," ಎಂದರು. ಅಡುಗೆಮನೆಯಲ್ಲಿ ನನ್ನ ಅವ್ವ ಕೈಯಲ್ಲಿದ್ದ ಸೌಟನ್ನು ಮೆಲ್ಲಗೆ ಕೆಳಗಿಟ್ಟಳು.

ಒಡತಿ ದನಿ ಏರಿಸಲಿಲ್ಲ. ಸೆರಗು ಸರಿಪಡಿಸಿಕೊಂಡು ನೆಲದ ಮೇಲೆ ಕೂತು, "ಅವ್ವಾರ, ನಂಗ ಭಾಳ ಹಸಿವಾಗೈತಿ. ಬಡಸ್ರಿ," ಎಂದರು.

ಅವ್ವ ಹಿಂಜರಿಯುತ್ತಲೇ ಅನ್ನ, ಸಾರು ಬಡಿಸಿದಳು. ಅವರು ನಿಧಾನವಾಗಿ ಕಲಸಿ ಉಂಡು, ಇನ್ನೊಮ್ಮೆ ಹಾಕಿಸಿಕೊಂಡರು. ಆಮೇಲೆ ಬಾಗಿಲ ಕಡೆ ತಿರುಗಿ, "ಸಾರು ಮಸ್ತ್ ಆಗೈತಿ. ಬರ್ರಿ, ನೀವೂ ಕುಂದ್ರಿ," ಎಂದು ಕರೆದರು.

ಕಾರ್ಯದರ್ಶಿ ಲಿಫ್ಟಿನ ಕಡೆ ನಡೆದರು. ಒಡತಿ ಮಜ್ಜಿಗೆ ಕೇಳಿದರು.

ಬೆಳಗಿನಿಂದ ಅಡುಗೆಯ ಕೆಲಸ ಬಿಟ್ಟು ಅತ್ತಿತ್ತ ಸುಳಿಯದಿದ್ದ ಅವ್ವ, ಅವರಿಗೆ ಮಜ್ಜಿಗೆ ಕೊಟ್ಟು, ಬಾಲ್ಕನಿಗೆ ಹೋಗಿ, ಕಂಬಿ ಹಿಡಿದು ನಿಂತು ಆ ನೀರನ್ನೆಲ್ಲ ಕಣ್ತುಂಬ ನೋಡಿದಳು.