ಪೆನ್ಸಿಲಿನಲ್ಲಿ ಬರೆದ ಗುರುವಾರ

ನಾನು ಚಿಕ್ಕವನಿದ್ದಾಗ ನಾವು ಲೋಂಡಾದ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದೆವು. ಮನೆಯಲ್ಲಿ ಫ್ರಿಜ್ ಇರಲಿಲ್ಲ, ಹಿತ್ತಲಲ್ಲಿ ನಾಲ್ಕು ಕೋಳಿಗಳಿದ್ದವು. ಅವುಗಳಲ್ಲಿ ಕೆಂಪಿ ನನ್ನದು. ಅಪ್ಪ ಸ್ಟೇಷನ್ನಿನಲ್ಲಿ ಗಾಡಿಗಳ ಸಮಯ ಬರೆದಿಡುವ ಕೆಲಸದಲ್ಲಿದ್ದರು. ಮನೆಯಲ್ಲೂ ಅದೇ ಶಿಸ್ತು. ಮೊಟ್ಟೆ ಇಟ್ಟ ದಿನವನ್ನು ಅದರ ಮೇಲೆಯೇ ಪೆನ್ಸಿಲಿನಿಂದ ಬರೆಯಬೇಕು. ಬಿರುಕು ಬಿಟ್ಟದ್ದನ್ನು ಬದಿಗಿಡಬೇಕು. ಮೊಟ್ಟೆ ಮುಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆಯಬೇಕು.

ಪಕ್ಕದ ಮನೆಯಲ್ಲಿ ಗೋವಾ ಕಡೆಯ ಹೆಂಗಸೊಬ್ಬರಿದ್ದರು, ಓಣಿಯ ಮಕ್ಕಳೆಲ್ಲ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ಈಸ್ಟರ್ ಹಬ್ಬಕ್ಕೆ ಅವರು ಮೊಟ್ಟೆ ಬೇಯಿಸಿ, ಬಣ್ಣ ಏರಿಸಿ, ಓಣಿಯ ಮಕ್ಕಳಿಗೆಲ್ಲ ಹಂಚುತ್ತಿದ್ದರು. ಆ ವರ್ಷ, “ಎಲ್ಲಾರೂ ನಿಮ್ಮ ನಿಮ್ಮ ಕೋಳಿದು ಒಂದೊಂದು ತತ್ತಿ ತರ್ರಿ. ಈ ವಾರದ್ದ ಆಗಬೇಕು ಮತ್ತ” ಅಂದರು.

ಕೆಂಪಿ ಮೊಟ್ಟೆ ಇಡುವುದನ್ನು ನಿಲ್ಲಿಸಿ ಇಪ್ಪತ್ತು ದಿನವಾಗಿತ್ತು. ಅದರ ಕೊನೆಯ ಮೊಟ್ಟೆಯನ್ನು ತಿನ್ನಲು ಮನಸ್ಸಾಗದೆ, ದಿನವನ್ನೂ ಬರೆಯದೆ, ನಾನು ಜೋಳದ ಗಡಿಗೆಯಲ್ಲಿ ಬಚ್ಚಿಟ್ಟಿದ್ದೆ. “ನಿನ್ನ ಕೆಂಪಿ ಬರೇ ಕಾಳು ತಿನ್ನಾಕ ಐತೇನೋ?” ಎಂದು ಅಕ್ಕ ಚುಡಾಯಿಸಿದಳು. ನನಗೆ ತಡೆಯಲಾಗಲಿಲ್ಲ. ಆ ಮೊಟ್ಟೆಯ ಮೇಲೆ ‘ಗುರುವಾರ’ ಎಂದು ಬರೆದು ತಂದೆ. “ನೀ ಸಾಲಿಗೆ ಹೋದಾಗ ಇಟ್ಟೈತಿ, ನಾನ ಬರದೆ” ಅಂದೆ. ದಿನ ಬರೆಯದ ಮೊಟ್ಟೆಯನ್ನು ಅಕ್ಕ ತಣ್ಣೀರಿನಲ್ಲಿ ಹಾಕಿ ನೋಡುತ್ತಿದ್ದಳು. ತಾಜಾ ಮೊಟ್ಟೆ ತಳದಲ್ಲಿ ಮಲಗುತ್ತದೆ, ಹಳೆಯದು ಎದ್ದು ನಿಲ್ಲುತ್ತದೆ. ನನ್ನದರ ಮೇಲೆ ದಿನ ಬರೆದಿತ್ತಲ್ಲ, ಹಾಗೇ ಬುಟ್ಟಿಗೆ ಹಾಕಿದಳು.

ಹಬ್ಬದ ಬೆಳಿಗ್ಗೆ ಮಾವಶಿ ಉಳ್ಳಾಗಡ್ಡಿ ಸಿಪ್ಪೆ ಹಾಕಿದ ನೀರನ್ನು ಒಲೆಗಿಟ್ಟರು. ಬಣ್ಣವೂ ತಿನ್ನುವಂಥದ್ದೇ ಆಗಿರಬೇಕು ಎಂಬುದು ಅವರ ನಿಯಮ. ನೀರು ಕುದಿದು ಕೆಂಪಾಯಿತು, ಅಡುಗೆಮನೆಯೆಲ್ಲ ಸಿಹಿಯೊಗರಿನ ವಾಸನೆ. ಮೊಟ್ಟೆಗಳನ್ನು ಅದರಲ್ಲಿ ಬಿಟ್ಟು, ಕಾಯಲು ನನ್ನನ್ನು ಕೂರಿಸಿ ಅವರು ಹೊರಗೆ ಹೋದರು. ಎಲ್ಲ ಮೊಟ್ಟೆಗಳೂ ತಳದಲ್ಲಿದ್ದವು. ನನ್ನದು ಮಾತ್ರ ತುದಿಯ ಮೇಲೆ ನಿಂತು ಮೇಲೇಳುತ್ತಿತ್ತು. ಸೌಟಿನಿಂದ ಕೆಳಗೆ ಒತ್ತಿದೆ. ಮತ್ತೆ ಎದ್ದಿತು. ಮತ್ತೆ ಒತ್ತಿದೆ.

ಬಣ್ಣ ಹಿಡಿದ ಮೇಲೆ ಅದೇ ಎಲ್ಲಕ್ಕಿಂತ ಚೆಂದ ಕಂಡಿತು. ಮಾವಶಿಯ ನಾಲ್ಕು ವರ್ಷದ ಮೊಮ್ಮಗಳು ಬುಟ್ಟಿಯಿಂದ ನೇರವಾಗಿ ಅದನ್ನೇ ಎತ್ತಿಕೊಂಡು, ಒಡೆಯಲು ಹೊಸ್ತಿಲ ಮೇಲೆ ಕುಳಿತಳು. ನಾನು ಓಡಿಹೋಗಿ ಕಸಿದುಕೊಂಡೆ. ಅವಳು ಕಿರುಚಿ ಅತ್ತಳು.

“ಸಣ್ಣ ಹುಡುಗಿದು ಕಸಗೋತಿಯಲ್ಲೋ, ನಾಚಿಕಿ ಬರೂದಿಲ್ಲ?” ಎಂದು ಅಕ್ಕ ಗದರಿದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. “ಅದು ಗುರುವಾರದ್ದಲ್ಲ” ಅಂದೆ. ಉಳಿದದ್ದನ್ನು ಅಳುತ್ತಾ ಹೇಳಿದೆ.

ಅಪ್ಪ ಹಿತ್ತಲಲ್ಲಿ ಗುಂಡಿ ತೋಡಿ ಅದನ್ನು ಒಡೆಯದೆ ಹೂಳಿದರು. “ಖರೇನ ಕೆಟ್ಟಿತ್ತೇನಪ್ಪಾ?” ಎಂದು ಕೇಳಿದೆ.

“ನನಗೇನು ಗೊತ್ತು? ಬರದದ್ದನ್ನ ನಂಬಿ ನಾವು ಗಾಡಿ ಬಿಡ್ತೀವಿ, ತಮ್ಮಾ.”

ಅಷ್ಟೇ ಅಂದರು, ಹೊಡೆಯಲಿಲ್ಲ. ನನ್ನ ಪಾಲಿನ ಮೊಟ್ಟೆಯನ್ನು ಆ ಹುಡುಗಿಗೆ ಕೊಟ್ಟೆ. ಅವಳು ಆಗಲೇ ಅಳು ಮರೆತಿದ್ದಳು.

ಮಕ್ಕಳೇ, ಈಗ ಶಿವಬಸವ ನಗರದ ಈ ಮನೆಯಲ್ಲಿ ನೀವು ಬಣ್ಣ ಹಚ್ಚುವ ಮೊಟ್ಟೆಗಳು ಅಂಗಡಿಯಿಂದ ಬರುತ್ತವೆ. ಡಬ್ಬಿಯ ಮೇಲೆ ತಾರೀಕು ಮುದ್ರಿಸಿರುತ್ತದೆ. ಅದನ್ನು ಹಾಕಿದವರು ಯಾರೆಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಬೇಯಿಸಿದ್ದು ಎರಡು ತಾಸಿಗಿಂತ ಹೆಚ್ಚು ಹೊರಗಿರದಂತೆ ಮೊಬೈಲ್ ಗಂಟೆ ಬಾರಿಸಿ ನೆನಪಿಸುತ್ತದೆ, ಫ್ರಿಜ್ ಕಾಯುತ್ತದೆ. ಎಲ್ಲವೂ ಒಳ್ಳೆಯದೇ. ಆದರೂ ಹೋದ ವಾರ ನಿಮ್ಮಲ್ಲಿ ಚಿಕ್ಕವಳು, ಹೂವಿನ ಚಿತ್ರ ಬರೆದು ಮುಗಿಸಿದ್ದ ಮೊಟ್ಟೆಯೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟಳು.

“ಅಜ್ಜಾ, ಬೇಯ್ಸೂಕಿಂತ ಮೊದಲ ಇದು ನನ್ನ ಕೈಯಾಗಿಂದ ಬಿದ್ದಿತ್ತು. ಸೀಳು ಕಾಣಬಾರದಂತ ಅದರ ಮ್ಯಾಲೆ ಹೂವು ಬರದೀನಿ.”

ನಾನು ಬೈಯಲಿಲ್ಲ. ಇಬ್ಬರೂ ಗುಂಡಿ ತೋಡಲು ಕೈದೋಟಕ್ಕೆ ಹೋದೆವು.